ನೂಲಿನ ಗಂಜಿ, ಗಂಟಲಿನ ಗಂಜಿ

ಗದ್ವಾಲದ ಸೀಮೆಯ ಐಜ ಊರಿನ ನೇಕಾರರ ಓಣಿಗೆ ಬಂದು ಮಲ್ಲೇಶ್ವರಿಯ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳಲಾರರು. ಗಂಜಿ ಮಲ್ಲವ್ವ ಎನ್ನಿ, ಆಡುತ್ತಿರುವ ಮಕ್ಕಳೂ ಆಟ ಬಿಟ್ಟು ಬಂದು ಬಾಗಿಲ ತನಕ ಮುಟ್ಟಿಸುತ್ತವೆ. ಗದ್ವಾಲ ಸೀರೆಯ ಅಂಚು ರೇಷ್ಮೆಯದು, ಒಡಲು ಹತ್ತಿಯದು. ಆ ಹತ್ತಿಯ ಎಳೆ ಮಗ್ಗದ ಮೇಲೆ ಪಟಪಟ ಹರಿಯದೆ ನಿಲ್ಲಬೇಕಾದರೆ ಅದಕ್ಕೆ ಅಕ್ಕಿಗಂಜಿ ಹಚ್ಚಬೇಕು. ಬಿಸಿಲೇರುವ ಮುಂಚೆ ಓಣಿಯ ಉದ್ದಕ್ಕೂ ಹಾಸಿನ ನೂಲನ್ನು ಎಳೆದು ಕಟ್ಟಿ, ದೊಡ್ಡ ಕುಂಚದಿಂದ ಗಂಜಿ ಸವರುವ ಕೆಲಸಕ್ಕೆ ನಾಲ್ಕು ಮನೆಯವರು ಸೇರುತ್ತಾರೆ. ಗಂಜಿ ಕಾಯಿಸುವುದು ಮಾತ್ರ ಮಲ್ಲೇಶ್ವರಿಯೇ. ಬೇರೆಯವರು ಸೌಟು ಮುಟ್ಟಿದರೆ ಆಕೆ ಹಾರಿ ಬೀಳುತ್ತಾಳೆ.

ಆಕೆ ಹುಟ್ಟಿದ್ದು ಮಕ್ತಲದಲ್ಲಿ. ಅಪ್ಪ ಮಗ್ಗ ಬಿಟ್ಟು ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ನಿಂತವನು. ಹಾಗಾಗಿ ನೇಕಾರರ ಮಗಳಾದರೂ ಆಕೆಗೆ ಈ ಕಸುಬಿನ ಗಂಧಗಾಳಿ ಇರಲಿಲ್ಲ. ಮದುವೆಯಾಗಿ ಐಜಕ್ಕೆ ಬಂದ ಹೊಸತರಲ್ಲಿ ಕಾಯಿಸಿದ ಮೊದಲ ಗಂಜಿಯಲ್ಲಿ ಅಗಳು ಹಾಗೇ ಉಳಿದು, ಎಳೆಗೆ ಎಳೆ ಅಂಟಿ, ಒಂದಿಡೀ ಹಾಸು ಜಡೆಗಟ್ಟಿಹೋಯಿತು. ಅತ್ತೆ ಎಲ್ಲಮ್ಮ ಓಣಿಗೆಲ್ಲ ಕೇಳುವಂತೆ ಬೈದಳು. ಗಂಡ ಭೀಮಯ್ಯ ತುಟಿ ಪಿಟಕ್ಕೆನ್ನದೆ ಆ ಹಾಸಿನ ಮುಂದೆ ಕುಳಿತು ಸಂಜೆಯವರೆಗೂ ಎಳೆ ಬಿಡಿಸಿದ. ಮಾತಿನ ಮಲ್ಲಿಗೆ ಮಾತೇ ಆಡದ ಗಂಡ. ದೇವರು ತೂಗಿ ನೋಡಿಯೇ ಕೊಟ್ಟಿದ್ದ. ಅಂದಿನಿಂದ ಮಲ್ಲೇಶ್ವರಿ ಎರಡು ಸಲ ಬಟ್ಟೆಯಲ್ಲಿ ಸೋಸದ ಗಂಜಿಯನ್ನು ಮನೆಯಿಂದ ಹೊರಗೆ ಕಳಿಸಿದವಳಲ್ಲ. ಹೆಣ್ಣುಮಕ್ಕಳಿಬ್ಬರ ಮದುವೆ ಮಾಡಿದಳು, ಅತ್ತೆಯ ಬೈಗುಳವನ್ನು ಹೊಗಳಿಕೆಯನ್ನಾಗಿ ಮಾಡಿಕೊಂಡಳು. ಓಣಿ ಆಕೆಗೆ ಗಂಜಿ ಮಲ್ಲವ್ವ ಎಂಬ ಹೆಸರು ಕೊಟ್ಟಿತು.

ಭೀಮಯ್ಯನಿಗೆ ಒಂದೇ ಚಟ, ತಂಬಾಕು. ದವಡೆಯಲ್ಲಿ ಒತ್ತಿಟ್ಟುಕೊಂಡರೆ ಲಾಳಿ ತಾನಾಗಿಯೇ ಓಡುತ್ತದೆ ಎಂದುಕೊಂಡಿದ್ದ. ಲಾಳಿ ಓಡಿತು, ಅದರ ಹಿಂದೆ ರೋಗವೂ ಓಡಿ ಬಂತು. ನುಂಗುವಾಗ ನೋವು, ಕಿವಿಗೆ ಹೊಡೆಯುವ ಸೆಳೆತ. ಕರ್ನೂಲಿನ ಆಸ್ಪತ್ರೆಯಲ್ಲಿ ನೋಡಿ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ ಎಂದರು. ಗುಣವಾಗುವ ರೋಗವೇ, ಆದರೆ ಏಳು ವಾರ ತಪ್ಪಿಸದೆ ಕರೆಂಟ್ ಕೊಡಿಸಬೇಕು, ವಾರಕ್ಕೊಮ್ಮೆ ಸಲೈನಿನಲ್ಲಿ ಔಷಧಿ ಹಾಕಿಸಬೇಕು ಎಂದರು ಡಾಕ್ಟರು. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಹೇಳುವುದು ಕರೆಂಟ್ ಎಂದೇ. ಬಿಸಿ ಮಾಡಿ ಮೆತ್ತಗಾದ ಬಿಳಿ ಪ್ಲಾಸ್ಟಿಕ್ ಜಾಳಿಗೆಯನ್ನು ಅವನ ಮುಖದ ಮೇಲೆ ಒತ್ತಿ ಅದೇ ಅಳತೆಯ ಮುಖವಾಡ ಮಾಡಿದರು. ದಿನಾ ಅದನ್ನು ಮುಖಕ್ಕೆ ತೊಡಿಸಿ ಹಲಗೆಗೆ ಬಿಗಿದರೆ ತಲೆ ಕೂದಲೆಳೆಯಷ್ಟೂ ಅಲ್ಲಾಡುವಂತಿಲ್ಲ. ಆಗ ಕಿರಣ ಗಡ್ಡೆಗೇ ತಾಗುತ್ತದೆ.

ಐಜದಿಂದ ಕರ್ನೂಲಿಗೆ ಬಸ್ಸುಗಳು ಬೇಕಾದಷ್ಟಿವೆ. ಮಲ್ಲೇಶ್ವರಿ ಗಂಡನ ಕೈ ಹಿಡಿದು ದಿನಾ ಹೊರಟಳು. ಕಂಡಕ್ಟರನ ಸಂಗಡ ಜಗಳ ತೆಗೆದು ಕಿಟಕಿಯ ಸೀಟು ಹಿಡಿಯುವಳು, ತುಂಗಭದ್ರೆ ದಾಟುವಾಗ ನೀರಿಗೆ ಕೈ ಮುಗಿಯುವಳು. ಮೊದಲ ಎರಡು ವಾರ ಸಲೀಸಾಗಿ ಹೋದವು. ಮೂರನೆಯ ವಾರ ಭೀಮಯ್ಯನ ಬಾಯಿಯೆಲ್ಲ ಹುಣ್ಣೆದ್ದಿತು. ರೊಟ್ಟಿ ಹೋಯಿತು, ಅನ್ನ ಹೋಯಿತು, ಉಪ್ಪು ಖಾರ ತಾಗಿದರೆ ಕಣ್ಣೀರು ಬರುತ್ತಿತ್ತು. ಮೊದಲೇ ಮಾತು ಕಡಿಮೆ, ಈಗ ಅದೂ ನಿಂತು ಕೈಸನ್ನೆಯೇ ಆಯಿತು. ನುಣ್ಣಗೆ ಏನಾದರೂ ಕೊಡಿ, ತೂಕ ಇಳಿಯಬಾರದು ಎಂದು ಆಸ್ಪತ್ರೆಯವರು ಹೇಳಿದ್ದರು. ಮಲ್ಲೇಶ್ವರಿಗೆ ಹೇಳಿಕೊಡಬೇಕೇ? ಇಡೀ ಓಣಿಯ ಎಳೆಗಳನ್ನು ಸಾಕಿದ ಕೈ ಅದು.

"ನುಣ್ಣಗ ಮಾಡೋದು ನನಗ ಬಿಡ್ರಿ," ಎಂದು ಗಂಡನಿಗೆ ಧೈರ್ಯ ಹೇಳಿದಳು. "ನಿಮ್ಮ ಗಂಟಲಿಗೆ ಗೊತ್ತ ಆಗದಂಗ ಇಳೀತದ."

ಇಳಿಯಿತು, ಸುಳ್ಳಲ್ಲ. ಹೊತ್ತೊತ್ತಿಗೆ ಚೆಂಬು ಚೆಂಬು ಗಂಜಿ ಇಳಿಯಿತು. ಅದರ ಸಂಗಡ ಭೀಮಯ್ಯನ ತೂಕವೂ ಇಳಿಯಿತು.

ತೂಕ ನೋಡುವುದಕ್ಕೆ ಆಕೆ ಆಸ್ಪತ್ರೆಯ ಹಾದಿ ಕಾಯುತ್ತಿರಲಿಲ್ಲ. ಭಾನುವಾರ ಆಸ್ಪತ್ರೆಗೆ ರಜೆ. ಅಂದು ಗಂಡನನ್ನು ಕರೆದುಕೊಂಡು ರಾಮುಲುವಿನ ಅಂಗಡಿಗೆ ಹೋಗುವಳು. ರಾಮುಲು ಶೇಂಗಾ ವ್ಯಾಪಾರಿ, ಅಂಗಡಿಯ ಮುಂದೆ ಮೂಟೆ ತೂಗುವ ಕಾಟಾ ಇಟ್ಟಿದ್ದಾನೆ.

"ಅಕ್ಕಾ, ಇದು ಶೇಂಗಾ ತೂಗೋ ಕಾಟಾ," ಎಂದ ಅವನು ಮೊದಲ ಸಲ.

"ಮನಷ್ಯಾ ಶೇಂಗಾಕಿಂತ ಹಗುರೇನು? ಸರೀ, ಮೂಟಿ ತಗಿ!"

ಆದರೆ ವಾರ ವಾರಕ್ಕೂ ಕಾಟಾದ ಕೆಂಪು ಅಂಕಿ ಕೆಳಗೆ ಬಂತು. ಎಷ್ಟೋ ವರ್ಷ ಉಂಡು ಕಟ್ಟಿದ ಮೈ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತೆ ಕಣ್ಣೆದುರೇ ಕರಗಿತು. ನೋಡಲು ಬಂದವರೆಲ್ಲ ಒಂದೇ ಪದ ಹಾಡಿದರು: ಕ್ಯಾನ್ಸರ್ ಅಂದ ಮೇಲೆ ಸೊರಗುವುದೇ, ಅದಕ್ಕೆ ಯಾರೇನು ಮಾಡಿಯಾರು? ಮಲ್ಲೇಶ್ವರಿ ಅವರಿಗೆ ಚಹಾ ಕೊಟ್ಟಳು, ಮನಸ್ಸಿನಲ್ಲೇ ಅವರ ಬಾಯಿಗೆ ಮಣ್ಣು ಹಾಕಿದಳು.

ಐದನೆಯ ವಾರದ ಸೋಮವಾರ ಕರೆಂಟಿನ ಕೋಣೆಯಿಂದ ಯಂತ್ರ ನೋಡಿಕೊಳ್ಳುವ ಹುಡುಗನೊಬ್ಬ ಹೊರಗೆ ಬಂದು ಡಾಕ್ಟರನ್ನು ಕರೆದ. ಮುಖವಾಡ ಸಡಿಲವಾಗಿತ್ತು. ಕೆನ್ನೆ ಬತ್ತಿ, ಜಾಳಿಗೆಗೂ ಮುಖಕ್ಕೂ ನಡುವೆ ಬೆರಳು ಆಡುವಷ್ಟು ಸಂದಿ ಬಿದ್ದಿತ್ತು. ಡಾಕ್ಟರು ನೋಡಿ, ಇವತ್ತಿಗೆ ಹೇಗೋ ನಡೆಯುತ್ತದೆ ಎಂದರು. ಇನ್ನೂ ಇಳಿದರೆ ಚಿಕಿತ್ಸೆ ನಿಲ್ಲಿಸಿ ಹೊಸ ಮುಖವಾಡ ಮಾಡಬೇಕು, ಎಲ್ಲ ಅಳತೆ ಹೊಸದಾಗಿ ಆಗಬೇಕು, ನಡುವೆ ದಿನಗಳು ಹೋಗುತ್ತವೆ.

"ದಿನ ಹೋದ್ರ ಏನಾಗ್ತೈತ್ರಿ ಸರ್?" ಎಂದು ಮಲ್ಲೇಶ್ವರಿ ಕೇಳಿದಳು.

"ನಾವು ಬಿಡುವು ತಗೊಂಡರೆ ಗಡ್ಡೆ ಬಿಡುವು ತಗೊಳ್ಳೋದಿಲ್ಲಮ್ಮ," ಎಂದರು ಡಾಕ್ಟರು. "ಮೊದಲು ಊಟದ ಮೇಡಂನ ನೋಡಿ."

ಊಟದ ಮೇಡಂ ಎಂದರೆ ನವನೀತಾ, ರೋಗಿಗಳ ಆಹಾರ ನೋಡಿಕೊಳ್ಳುವವಳು. ರಾಯಚೂರಿನ ಕಡೆಯ ಹುಡುಗಿಯಾದ್ದರಿಂದ, ಇವರ ಮನೆಮಾತು ಕನ್ನಡವೆಂದು ತಿಳಿದು ಕನ್ನಡದಲ್ಲೇ ಮಾತು ತೆಗೆದಳು.

"ಏನು ಕೊಡಾಕತ್ತೀರಮ್ಮ ಇವರಿಗೆ?"

"ಗಂಜಿ ರೀ. ಹೊತ್ತೊತ್ತಿಗೆ, ಚೆಂಬು ತುಂಬ. ಒಂದ ಹನಿ ಬಿಡಂಗಿಲ್ಲ ಪಾಪ."

"ತಂದೀರೇನು? ತೋರಸ್ರಿ."

ಮಲ್ಲೇಶ್ವರಿ ಹೆಮ್ಮೆಯಿಂದಲೇ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದಳು. ನವನೀತಾ ಅದನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಕಿಟಕಿಗೆ ಹಿಡಿದಳು. ಲೋಟದ ಆಚೆ ಕಿಟಕಿಯ ಸರಳುಗಳು ಚೆನ್ನಾಗಿ ಕಾಣಿಸಿದವು.

"ಇದರಾಗಿನ ಅನ್ನ ಎಲ್ಲಿ ಹೋತಮ್ಮ?"

"ಸೋಸೀನಲ್ರೀ. ಎರಡೆರಡು ಸಲ, ಬಟ್ಟಿಯಾಗ. ಒಂದ ಅಗಳ ಸಿಕ್ರ ನನ್ನ ಹೆಸರ ಬ್ಯಾರೆ ಇಡ್ರಿ."

"ಸೋಸಿ ಉಳದದ್ದು?"

"ಅತ್ತಿದು ಒಂದು ಆಡು ಐತ್ರಿ. ಅದಕ್ಕ ಹಾಕ್ತೀನಿ."

ನವನೀತಾ ತುಟಿ ಕಚ್ಚಿ ಹಿಡಿದು ಕೇಳಿದಳು: "ಆಡು ಹೆಂಗೈತಿ?"

"ಅಯ್ಯ, ಗುಂಡಗ ಐತ್ರಿ! ಮೈ ಹೆಂಗ ಹೊಳೀತದ ಅಂದ್ರ..." ಎನ್ನುತ್ತಿದ್ದ ಮಲ್ಲೇಶ್ವರಿಯ ಮಾತು ಅಲ್ಲಿಗೇ ನಿಂತಿತು. ಲೋಟ ನೋಡಿದಳು, ಗಂಡನ ಕತ್ತಿನ ಎಲುಬು ನೋಡಿದಳು. "ಅಯ್ಯೋ ನನ್ನ ಹಣೇಬರವೇ! ನಾ ಇವರಿಗೆ ನೂಲಿನ ಗಂಜಿ ಕುಡಿಸೀನಿ. ಮನಷ್ಯಾನ್ನ ಎಳಿ ಅಂತ ತಿಳಕೊಂಡೀನಿ!"

ಹುಡುಗಿ ಬೈಯಲಿಲ್ಲ. ಬೈದಿದ್ದರೆ ಮಲ್ಲೇಶ್ವರಿಗೆ ಸಮಾಧಾನವಾಗುತ್ತಿತ್ತೇನೋ. ನವನೀತಾ ಎದುರಿಗೆ ಕುಳಿತು ಹೇಳಿದಳು: ರೋಗ ಸೊರಗಿಸುವುದು ಒಂದು ಪಾಲಾದರೆ ಹೊಟ್ಟೆಗೆ ಬೀಳದೆ ಸೊರಗುವುದು ದೊಡ್ಡ ಪಾಲು, ಆ ಪಾಲು ನಮ್ಮ ಕೈಯಲ್ಲಿದೆ. ಹಾಲು, ಮೊಟ್ಟೆ, ಬೇಳೆ, ಎಣ್ಣೆ, ಆಸ್ಪತ್ರೆಯ ಪುಡಿ, ಇವೆಲ್ಲ ಅಳತೆಯಂತೆ ಹೋಗಬೇಕು. ಆದರೆ ಬಾಯಿಯ ತುಂಬ ಹುಣ್ಣು. ಈ ಬಾಯಿಂದ ಅಷ್ಟು ಇಳಿಯುವುದಿಲ್ಲ. ಮೂಗಿನಿಂದ ಹೊಟ್ಟೆಯ ತನಕ ಒಂದು ಸಣ್ಣ ನಳಿಗೆ ಹಾಕಬೇಕು, ಊಟ ಅದರಿಂದ ಹೋಗಬೇಕು.

ಭೀಮಯ್ಯ ಎದ್ದು ನಿಂತುಬಿಟ್ಟ. ಕೈ ಜೋರಾಗಿ ಅಲ್ಲಾಡಿಸಿದ. ಮೂಗಿಗೆ ನಳಿಗೆ ಹಾಕಿದವರೆಲ್ಲ ಕಡೆಯ ದಿನ ಎಣಿಸುವವರು ಎಂಬುದು ಅವನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಬಸ್ಸಿನಲ್ಲಿ ಜನ ನೋಡುತ್ತಾರೆ ಎಂದು ಕಣ್ಣಿನ ಕಡೆ ಬೆರಳು ತೋರಿಸಿ ಸನ್ನೆ ಮಾಡಿದ. ಸಾಯುವವರಿಗಲ್ಲ, ಬದುಕುವವರಿಗೇ ಹಾಕುವುದು, ಹುಣ್ಣು ಮಾಗಿದ ಮೇಲೆ ತೆಗೆಯುತ್ತೇವೆ ಎಂದು ನವನೀತಾ ಹೇಳಿದಳು. ಅವನು ಬಾಗಿಲಿನ ಕಡೆ ನಡೆದ.

ಮಲ್ಲೇಶ್ವರಿ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು. ಬೈದು ಕೂರಿಸುತ್ತಾಳೆ ಎಂದು ಅವನು ಅಂದುಕೊಂಡಿರಬೇಕು. ಆಕೆ ಬೈಯಲಿಲ್ಲ.

"ತಪ್ಪು ಮಾಡಿದಾಕಿ ನಾನು," ಎಂದಳು. "ನನ್ನ ಕೈಯಾರ ನಿಮ್ಮನ್ನ ಉಪವಾಸ ಕೆಡವೀನಿ. ಪೈಪ್ ಹಾಕಸ್ಕೊಳ್ರಿ. ಇಲ್ಲಂದ್ರ ನಾಳಿ ಆ ಮುಖವಾಡ ನಿಲ್ಲೋದಿಲ್ಲ, ಆಮ್ಯಾಲೆ ನಾನೂ ನಿಲ್ಲೋದಿಲ್ಲ. ಹೇಳೀನಿ ನೋಡ್ರಿ."

ಭೀಮಯ್ಯ ಹೆಂಡತಿಯ ಮುಖವನ್ನೇ ನೋಡಿದ. ಆಮೇಲೆ ಬೆರಳೆತ್ತಿ ಆಕೆಯ ಬಾಯಿ ತೋರಿಸಿ, ತನ್ನ ತುಟಿಯ ಮೇಲೆ ಬೆರಳಿಟ್ಟ. ನಳಿಗೆಯಲ್ಲಿ ಊಟ ಹಾಕುವಷ್ಟು ಹೊತ್ತು ನೀನು ಸುಮ್ಮನಿರಬೇಕು ಎಂಬುದು ಅವನ ಷರತ್ತು. ಮಲ್ಲೇಶ್ವರಿ ಅಳುತ್ತಲೇ ನಕ್ಕು, "ಆಗ್ಲಿ ರೀ," ಎಂದಳು. ಆ ಷರತ್ತು ಒಂದು ದಿನವೂ ನಡೆಯಲಿಲ್ಲ, ಅದು ಬೇರೆ ಮಾತು.

ಅಂದೇ ಆಸ್ಪತ್ರೆಯಲ್ಲಿ ನಳಿಗೆ ಹಾಕಿದರು, ಊಟ ಬಿಡುವ ಬಗೆಯನ್ನೂ ಹೇಳಿಕೊಟ್ಟರು. ಸಂಜೆ ಐಜದಲ್ಲಿ ಬಸ್ಸಿಳಿದ ಮಲ್ಲೇಶ್ವರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಲು ತಂದಳು, ಮೊಟ್ಟೆ ಬೇಯಿಸಿದಳು, ಬೇಳೆ ಇಟ್ಟಳು, ಮಿಕ್ಸಿ ತೊಳೆದಳು. ಎಲ್ಲಮ್ಮ ಜಗಲಿಯಿಂದಲೇ ಕೂಗಿದಳು: "ಏನ ನಡಸೀಯೇ ಮಲ್ಲೀ, ಮದವಿ ಮನ್ಯಾಗಿನಂಗ?"

"ನಿಮ್ಮ ಮಗಗ ಊಟ ಅತ್ತೀ! ಇವತ್ತಿಂದ ಆಡಿಗೆ ಹೊರಗ ಮೇಯಾಕ ಹೇಳ್ರಿ!"

ಸೋಸುವುದನ್ನು ನವನೀತಾ ಬೇಡವೆಂದಿರಲಿಲ್ಲ. ಮೊದಲು ಎಲ್ಲವನ್ನೂ ನುಣ್ಣಗೆ ಅರೆಯಬೇಕು, ಆಮೇಲೆ ಸೋಸಬೇಕು, ಜರಡಿಯಲ್ಲಿ ಏನೂ ಉಳಿಯಬಾರದು ಎಂದಿದ್ದಳು. ಮಲ್ಲೇಶ್ವರಿ ಭೀಮಯ್ಯನನ್ನು ದಿಂಬಿಗೆ ಒರಗಿಸಿ ನೆಟ್ಟಗೆ ಕೂರಿಸಿ, ದೊಡ್ಡ ಸಿರಿಂಜಿನಿಂದ ಮೆಲ್ಲಗೆ ಬಿಟ್ಟಳು. ಹಾಲಿನ ಬಣ್ಣದ ಊಟ ನಳಿಗೆಯಲ್ಲಿ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಕೊನೆಗೆ ನೀರು ಬಿಟ್ಟು ನಳಿಗೆ ತೊಳೆದಾಗ ಆಕೆಗೆ ಕುಣಿಯಬೇಕೆನಿಸಿತು.

ಆದರೆ ತಪ್ಪು ತಿದ್ದಿಕೊಳ್ಳುವ ಭರದಲ್ಲಿ ಮನುಷ್ಯ ಇನ್ನೊಂದು ತಪ್ಪಿಗೆ ಬೀಳದಿದ್ದರೆ ಅದು ಸಂಸಾರವೇ ಅಲ್ಲ. ನೀರುಗಂಜಿಯ ಪಾಪ ತೊಳೆಯಲೆಂದು ಮಲ್ಲೇಶ್ವರಿ ಮೂರನೆಯ ದಿನ ಅಳತೆಗಿಂತ ಹೆಚ್ಚು ಪುಡಿ, ಹೆಚ್ಚು ಬೇಳೆ ಹಾಕಿ ಹಿಟ್ಟಿನಂಥ ಊಟ ಮಾಡಿದಳು. ನಳಿಗೆ ಕಟ್ಟಿಕೊಂಡಿತು. ಸಿರಿಂಜು ಒತ್ತಿದರೆ ಹೋಗದು, ಎಳೆದರೆ ಬಾರದು. ಕರ್ನೂಲಿನ ಬಸ್ಸಿಗೆ ಹೊತ್ತಾಗಿತ್ತು. ಜೋರಾಗಿ ಒತ್ತಬೇಕೆಂದು ಸಿರಿಂಜಿನ ಮೇಲೆ ಹೆಬ್ಬೆರಳು ಇಟ್ಟವಳು, ಏನೋ ಹೊಳೆದು ನವನೀತಾಗೆ ಫೋನು ಮಾಡಿದಳು.

"ಒತ್ತಬ್ಯಾಡ್ರೀ!" ಎಂದಿತು ಫೋನು. "ಉಗುರುಬೆಚ್ಚಗಿನ ನೀರು ತಗೋರಿ. ಮೆಲ್ಲಕ ಬಿಡ್ರಿ, ಮೆಲ್ಲಕ ಎಳೀರಿ. ಗಡಿಬಿಡಿ ಮಾಡಬ್ಯಾಡ್ರಿ."

ಗಡಿಬಿಡಿ ಮಾಡಬೇಡ ಎಂದು ಮಲ್ಲೇಶ್ವರಿಗೆ ಹೇಳುವುದೂ ಒಂದೇ, ಹರಿಯುವ ಹಳ್ಳಕ್ಕೆ ನಿಲ್ಲು ಎನ್ನುವುದೂ ಒಂದೇ. ಆದರೂ ಅಂದು ಆಕೆ ನಿಂತಳು. ನೀರನ್ನು ತುಸು ಬಿಟ್ಟಳು, ತುಸು ಎಳೆದಳು. ಎಲ್ಲಮ್ಮ ಪಕ್ಕದಲ್ಲಿ ನಿಂತು ದೇವರ ಹೆಸರು ಹೇಳುತ್ತಿದ್ದಳು. ಭೀಮಯ್ಯ ಕಣ್ಣು ಮುಚ್ಚಿಕೊಂಡಿದ್ದ. ಇದ್ದಕ್ಕಿದ್ದಂತೆ ನೀರು ಸರ್ರನೆ ಇಳಿಯಿತು.

"ಹೋತು! ಅತ್ತೀ, ಹೋತು!" ಎಂದು ಮಲ್ಲೇಶ್ವರಿ ಕೂಗಿದ ಕೂಗಿಗೆ ಆಚೆ ಮನೆಯವರು, ಹೋದದ್ದು ಭೀಮಯ್ಯನ ಪ್ರಾಣವೇ ಎಂದುಕೊಂಡು ಎದೆ ಬಡಿದುಕೊಳ್ಳುತ್ತ ಓಡಿ ಬಂದರು. ಭೀಮಯ್ಯ ದಿಂಬಿಗೆ ಒರಗಿ ಕುಳಿತದ್ದನ್ನು ಕಂಡು ಅವರಿಗೆ ನಾಚಿಕೆಯಾಯಿತು. ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಬಸ್ಸು ತಪ್ಪಿತ್ತು, ರಾಮುಲು ತನ್ನ ಗಾಡಿಯಲ್ಲಿ ಅವರನ್ನು ಕರ್ನೂಲಿಗೆ ಮುಟ್ಟಿಸಿದ. ಅಂದಿನ ಕರೆಂಟ್ ತಪ್ಪಲಿಲ್ಲ. ಅಂದಿನಿಂದ ಆಕೆ ನವನೀತಾ ಹೇಳಿದ ಅಳತೆಯನ್ನು ಚಮಚದಷ್ಟೂ ಮೀರಲಿಲ್ಲ.

ಭಾನುವಾರ ಬಂತು. ರಾಮುಲುವಿನ ಅಂಗಡಿಯ ಮುಂದೆ ಅರ್ಧ ಓಣಿ ನೆರೆದಿತ್ತು. ಭೀಮಯ್ಯ ಮೂಗಿನ ನಳಿಗೆ ಮರೆಯಾಗುವಂತೆ ಟುವಾಲು ಸುತ್ತಿಕೊಂಡು ಕಾಟಾದ ಮೇಲೆ ನಿಂತ. ಕೆಂಪು ಅಂಕಿ ಓಡಿತು, ತಡವರಿಸಿತು, ನಿಂತಿತು.

"ಹ್ವಾದ ವಾರ ಎಷ್ಟಿತ್ತೋ ಅಷ್ಟ ಐತಿ," ಎಂದ ರಾಮುಲು.

"ಇನ್ನೊಮ್ಮೆ ನೋಡು!"

"ಅಷ್ಟ ಐತಿ ಅಕ್ಕಾ."

"ಇಳದಿಲ್ಲಲ್ಲ?"

"ಇಳದಿಲ್ಲ!"

ಏರಿರಲಿಲ್ಲ, ಇಳಿದೂ ಇರಲಿಲ್ಲ. ಅಷ್ಟಕ್ಕೇ ಮಲ್ಲೇಶ್ವರಿ ಓಣಿಯ ಆ ತುದಿಯಿಂದ ಈ ತುದಿಯವರೆಗೆ ಸಾರುತ್ತ ಹೋದಳು. ಭೀಮಯ್ಯ ಟುವಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡ. ಮತ್ತೆ ಅವನು ಅದನ್ನು ಮುಖಕ್ಕೆ ಸುತ್ತಲಿಲ್ಲ. ಬಸ್ಸಿನಲ್ಲಿ ಯಾರಾದರೂ ನೋಡಿದರೆ ಮಲ್ಲೇಶ್ವರಿಯೇ, "ಊಟದ ಪೈಪ್ ರೀ, ಇನ್ನೇನು ಮುಗಿಯಾಕ ಬಂತು," ಎಂದು ಅವರು ಕೇಳುವ ಮುಂಚೆಯೇ ಹೇಳಿಬಿಡುತ್ತಿದ್ದಳು.

ಉಳಿದ ವಾರಗಳು ಸುಖವಾಗಿದ್ದವು ಎಂದರೆ ಸುಳ್ಳು. ಕತ್ತಿನ ಚರ್ಮ ಕಪ್ಪಗೆ ಸುಟ್ಟಿತು, ಸಲೈನ್ ಹಾಕಿದ ದಿನ ವಾಂತಿಯಾಯಿತು. ಒಂದು ವಾರ ತೂಕ ತುಸು ಕೆಳಗೆ ಜಾರಿದಾಗ ನವನೀತಾ ಊಟದ ಹೊತ್ತುಗಳನ್ನು ಬದಲಿಸಿದಳು. ಮುಂದಿನ ವಾರ ಮೇಲೆ ಬಂತು. ಮುಖವಾಡ ನಿಂತಿತು. ಒಂದು ದಿನವೂ ಚಿಕಿತ್ಸೆ ತಪ್ಪಲಿಲ್ಲ. ಮಲ್ಲೇಶ್ವರಿ ಬೆಳಿಗ್ಗೆ ಎದ್ದರೆ ಹಾಲು, ಮಿಕ್ಸಿ, ಜರಡಿ, ಬಸ್ಸು. ಬಂದರೆ ಮತ್ತೆ ಮಿಕ್ಸಿ. ಓಣಿಯ ಗಂಜಿಯನ್ನು ಈಗ ಎಲ್ಲಮ್ಮನೇ ಕಾಯಿಸುತ್ತಿದ್ದಳು.

ಕೊನೆಯ ದಿನ ಆಕೆ ಗದ್ವಾಲ ಸೀರೆ ಉಟ್ಟು ಆಸ್ಪತ್ರೆಗೆ ಹೋದಳು. ಗಂಡನೇ ನೇಯ್ದದ್ದು, ಹಸಿರು ಒಡಲು, ಕೆಂಪು ಅಂಚು. ಕರೆಂಟಿನ ಕೋಣೆಯ ಬಾಗಿಲು ಮುಚ್ಚಿದಾಗ ಹೊರಗೆ ಕುಳಿತುಕೊಳ್ಳಲಾಗದೆ ಅತ್ತಿಂದಿತ್ತ ಓಡಾಡಿದಳು. ಬಾಗಿಲು ತೆರೆಯಿತು. ಭೀಮಯ್ಯ ತಾನೇ ನಡೆದು ಬಂದ, ಜಾಳಿಗೆಯ ಗುರುತು ಕೆನ್ನೆಯ ಮೇಲೆ ಒತ್ತಿ ಮೂಡಿತ್ತು. ಮುಗಿಯಿತು, ಪೂರ್ತಿ ಮುಗಿಯಿತು ಎಂದ ಒಳಗಿನ ಹುಡುಗ. ಗಡ್ಡೆ ಕರಗಿದ್ದನ್ನು ಖಚಿತವಾಗಿ ಹೇಳಲು ಇನ್ನೂ ಕೆಲವು ತಿಂಗಳು ಬೇಕು, ಆದರೆ ನೋಡಿದ ಮಟ್ಟಿಗೆ ಚೆನ್ನಾಗಿದೆ ಎಂದರು ಡಾಕ್ಟರು. ನವನೀತಾ ತೂಕ ನೋಡಿದಳು. ನಳಿಗೆ ಹಾಕಿದ ದಿನಕ್ಕಿಂತ ಒಂದು ಕಿಲೋ ಹೆಚ್ಚಿತ್ತು.

"ಹೆಚ್ಚೈತಾ?" ಮಲ್ಲೇಶ್ವರಿ ಕಿರುಚಿದಳು. ಸಾಲಿನಲ್ಲಿ ಕುಳಿತಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. "ಹೆಚ್ಚೈತ್ರೀ! ಕೇಳಿದ್ರೇನು, ಹೆಚ್ಚೈತಂತ!" ಸಿಕ್ಕವರ ಕೈಯೆಲ್ಲ ಹಿಡಿದು ಹೇಳಿದಳು. ತೆಲುಗಿನವರಿಗೆ ತೆಲುಗಿನಲ್ಲಿ ಹೇಳಿದಳು. ಅಷ್ಟು ಸಂತೋಷ ಆಕೆಗೆ ಮಕ್ಕಳು ಹುಟ್ಟಿದಾಗಲೂ ಆಗಿರಲಿಲ್ಲ.

ಭೀಮಯ್ಯ ತೂಕದ ಯಂತ್ರದಿಂದ ಕೆಳಗಿಳಿದ. ಹೆಂಡತಿಯ ರಟ್ಟೆ ಹಿಡಿದು ಎಳೆದು ತಂದು ಅದರ ಮೇಲೆ ನಿಲ್ಲಿಸಿದ.

"ನನಗ್ಯಾಕ್ರೀ? ನಾ ಏನು ಪೇಷಂಟೇನು?" ಎಂದು ಆಕೆ ಕೊಸರಿದಳು. ಅವನು ಬಿಡಲಿಲ್ಲ.

ನವನೀತಾ ಅಂಕಿ ನೋಡಿದಳು, ಆಕೆಯ ಮುಖ ನೋಡಿದಳು. "ಅಮ್ಮಾ, ಮೊದಲು ನಿಮ್ಮ ತೂಕ ಎಷ್ಟಿತ್ತು?"

ಮಲ್ಲೇಶ್ವರಿ ಹೇಳಿದಳು. ರಾಮುಲುವಿನ ಕಾಟಾದ ಮೇಲೆ ಗಂಡನಿಗೆ ಧೈರ್ಯ ಬರಲೆಂದು ಮೊದಲ ಭಾನುವಾರ ತಾನೂ ಒಮ್ಮೆ ನಿಂತಿದ್ದಳು. ನವನೀತಾ ಮತ್ತೊಮ್ಮೆ ಅಂಕಿ ನೋಡಿದಳು. ಭೀಮಯ್ಯನ ಮೈಯಿಂದ ಹೋದದ್ದಕ್ಕಿಂತ ಹೆಚ್ಚು ಈ ಹೆಂಗಸಿನ ಮೈಯಿಂದ ಹೋಗಿತ್ತು.

"ಕೂತು ಯಾವಾಗ ಉಂಡಿದ್ರಿ?"

ಅದೇನು ದೊಡ್ಡ ಪ್ರಶ್ನೆ ಎಂಬಂತೆ ಮಲ್ಲೇಶ್ವರಿ ಬಾಯಿ ತೆರೆದಳು. ಇವತ್ತು ಸೀರೆ ಉಡುವ ಗಡಿಬಿಡಿ. ನಿನ್ನೆ ಬಸ್ಸು ತಡ. ಮೊನ್ನೆ ನೆನಪಾಗಲಿಲ್ಲ. ಎಷ್ಟು ಹಿಂದಕ್ಕೆ ಹೋದರೂ ಗಂಡನ ಊಟಗಳೇ ನೆನಪಾದವು, ತನ್ನದು ಒಂದೂ ಇಲ್ಲ. ಗಾಬರಿಯಾಗಿ ಗಂಡನ ಕಡೆ ತಿರುಗಿದಳು.

ವಾರಗಟ್ಟಲೆ ಮಾತಾಡದವನು ಗಂಟಲು ಸರಿ ಮಾಡಿಕೊಂಡ. ದನಿ ಒಡೆದು ಹೊರಗೆ ಬಂತು, ಪ್ರತಿ ಪದಕ್ಕೂ ಮುಖ ಕಿವುಚಿದ.

"ಈಕಿನ್ನ ಉಣ್ಣಾಕ ಕುಂಡ್ರಸ್ರೀ ಮೇಡಂ," ಎಂದ ಭೀಮಯ್ಯ. "ನಾ ಉಳದೀನಿ. ಉಳದು ಯಾರ ಸಂಗಾಟ ಇರ್ಲಿ?"